ಖಾಲಿ ಸ್ಟುಡಿಯೋ, ಕುಸಿದ ಸೇತುವೆ, ಮತ್ತೆ ನಾವು ನಕ್ಕ ನಗು

2025ರ ಅಕ್ಟೋಬರಲ್ಲಿ ಸತೀಶ್ ಶಾ ತೀರಿಕೊಂಡಾಗ ನಮ್ಮ ಮುಂಬೈ ಕನ್ನಡದವರ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಒಂದೇ ಕ್ಲಿಪ್ಪು ಓಡಾಡ್ತು. ನಾಟಕದ ರಂಗದ ಮೇಲೆ ದ್ರೌಪದಿ ಮಾಡಿ ನಿಲ್ಲಿಸಿದ ಹೆಣ, ಆ ಹೆಣದ ಪಾತ್ರವೇ ಸತೀಶ್ ಶಾ ಅವರದ್ದು, ಅದನ್ನ ಆ ಕಡೆ ಈ ಕಡೆ ಎಳೆದಾಡೋ ಪಾಂಡವರು ಕೌರವರು, ಏನಾಗ್ತಿದೆ ಇಲ್ಲಿ ಅಂತ ಕೂಗೋ ಕುರುಡು ಧೃತರಾಷ್ಟ್ರ. ಕೆಳಗೆ ನಗೋ ಇಮೋಜಿ, ಪಕ್ಕದಲ್ಲೇ ಕೈಮುಗಿಯೋ ಇಮೋಜಿ. ದೊಡ್ಡ ನಟ, ಹಾಗೆ ನೆನಪಾಗಿದ್ದು ತಪ್ಪೇನಲ್ಲ. ಆದ್ರೆ ಜಾನೇ ಭೀ ದೋ ಯಾರೋ ಅನ್ನೋ ಇಡೀ ಹಿಂದಿ ಸಿನಿಮಾ ಆ ಒಂದು ಹತ್ತು ಹನ್ನೆರಡು ನಿಮಿಷಕ್ಕೆ ಇಳಿದುಬಿಟ್ಟಿದೆಯಲ್ಲ, ಅದು ನನ್ನನ್ನ ತುಂಬಾ ದಿನದಿಂದ ಕಾಡ್ತಾ ಇದೆ. ಈ ಸಿನಿಮಾನ ನಾವು ಎಷ್ಟು ಪ್ರೀತಿಸಿದ್ವಿ ಅಂದ್ರೆ, ಪ್ರೀತಿಸ್ತಾ ಪ್ರೀತಿಸ್ತಾ ಅದರ ಸಿಟ್ಟನ್ನೇ ಕಿತ್ತು ಪಕ್ಕಕ್ಕಿಟ್ಟಿದ್ದೀವಿ. ವಿಮರ್ಶಕರೂ ಇದರಲ್ಲಿ ಸ್ವಲ್ಪ ಪಾಲುದಾರರು ಅಂತ ನನ್ನ ಅನಿಸಿಕೆ, ಅದನ್ನ ಹೇಳೋಕೇ ಇದನ್ನ ಬರೀತಾ ಇರೋದು.

ಮೊದಲು ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1983ರ ಆಗಸ್ಟ್ 12ಕ್ಕೆ ಬಿಡುಗಡೆ ಆದ ಸಿನಿಮಾ ಇದು. ನಿರ್ದೇಶಕ ಕುಂದನ್ ಶಾ, ಪುಣೆ ಫಿಲಂ ಇನ್ಸ್ಟಿಟ್ಯೂಟಿಂದ ಬಂದವರು, ಇದು ಅವರ ಮೊದಲ ಸಿನಿಮಾ. ದುಡ್ಡು ಹಾಕಿದ್ದು ಸರ್ಕಾರದ ಸಿನಿಮಾ ಸಂಸ್ಥೆ ಎನ್‌ಎಫ್‌ಡಿಸಿ, ಅದೂ ಏಳು ಲಕ್ಷದ ಒಳಗೆ, ಆ ಕಾಲಕ್ಕೂ ಅದು ಏನೇನೂ ಸಾಲದ ದುಡ್ಡು. ನಸೀರುದ್ದೀನ್ ಶಾ, ರವಿ ಬಾಸ್ವಾನಿ, ಓಂ ಪುರಿ, ಪಂಕಜ್ ಕಪೂರ್, ಸತೀಶ್ ಶಾ, ಭಕ್ತಿ ಬರ್ವೆ, ನೀನಾ ಗುಪ್ತಾ, ಸತೀಶ್ ಕೌಶಿಕ್, ಇವತ್ತು ಈ ಹೆಸರುಗಳನ್ನ ಒಟ್ಟಿಗೆ ಓದಿದ್ರೆ ತಲೆ ತಿರುಗುತ್ತೆ, ಆಗ ಇವರಲ್ಲಿ ಹೆಚ್ಚಿನವರಿಗೆ ಮುಂದಿನ ತಿಂಗಳ ಖರ್ಚು ಹೇಗೆ ಅನ್ನೋದೇ ಚಿಂತೆ. ನಸೀರ್ ಕೈಯಲ್ಲಿದ್ದ ಕ್ಯಾಮೆರಾ ಅವರ ಸ್ವಂತದ್ದು, ಅದೂ ಶೂಟಿಂಗ್ ಸಮಯದಲ್ಲಿ ಕಳುವಾಯ್ತಂತೆ. ಅನುಪಮ್ ಖೇರ್ ಡಿಸ್ಕೋ ಕಿಲ್ಲರ್ ಅಂತ ಒಂದು ಪಾತ್ರ ಮಾಡಿದ್ರು, ಎಡಿಟಿಂಗಲ್ಲಿ ಅದು ಪೂರ್ತಿ ಹೋಯ್ತು. ಎಡಿಟರ್ ರೇಣು ಸಲೂಜಾ, ಕ್ಯಾಮೆರಾ ಬಿನೋದ್ ಪ್ರಧಾನ್, ಸಂಗೀತ ವನರಾಜ್ ಭಾಟಿಯಾ. ಇಬ್ಬರು ನಾಯಕರಿಗೆ ವಿನೋದ್ ಚೋಪ್ರಾ, ಸುಧೀರ್ ಮಿಶ್ರಾ ಅಂತ ಹೆಸರಿಟ್ಟಿದ್ದು ಸಿನಿಮಾಕ್ಕೆ ದುಡಿದ ಗೆಳೆಯರ ಹೆಸರುಗಳನ್ನೇ ಎತ್ತಿಕೊಂಡು.

ಥಿಯೇಟರಲ್ಲಿ ಅದು ಓಡಲಿಲ್ಲ. ಕುಂದನ್ ಶಾಗೆ ಹೊಸ ನಿರ್ದೇಶಕರಿಗೆ ಕೊಡೋ ರಾಷ್ಟ್ರಪ್ರಶಸ್ತಿ ಬಂತು, ರವಿ ಬಾಸ್ವಾನಿಗೆ ಹಾಸ್ಯ ಪಾತ್ರಕ್ಕೆ ಫಿಲಂಫೇರ್ ಬಂತು, ಅಲ್ಲಿಗೆ ಮುಗೀತು. ಆಮೇಲೆ ಅದನ್ನ ಬದುಕಿಸಿದ್ದು ದೂರದರ್ಶನ ಮತ್ತೆ ವಿಡಿಯೋ ಕ್ಯಾಸೆಟ್ಟು. 2010ರಲ್ಲಿ ಜೈ ಅರ್ಜುನ್ ಸಿಂಗ್ ಇದರ ಮೇಲೆ ಇಡೀ ಒಂದು ಪುಸ್ತಕ ಬರೆದ್ರು, 2012ರ ನವೆಂಬರಲ್ಲಿ ರಿಪೇರಿ ಮಾಡಿದ ಪ್ರಿಂಟು ಮತ್ತೆ ಥಿಯೇಟರಿಗೆ ಬಂತು. ಅಷ್ಟೊತ್ತಿಗೆ ಹಣೆಗೆ ಕಲ್ಟ್ ಅಂತ ಸ್ಟಿಕರ್ ಬಿದ್ದಾಗಿತ್ತು.

ಈ ಸ್ಟಿಕರಿನ ತೊಂದರೆ ಏನಂದ್ರೆ, ಒಂದು ಸಲ ಅಂಟಿಸಿದ ಮೇಲೆ ಯಾರೂ ಸಿನಿಮಾನ ನೋಡಲ್ಲ, ನೆನಪು ಮಾಡ್ಕೋತಾರೆ ಅಷ್ಟೇ. ನಾನು ಓದಿದ ಕೇಳಿದ ಮೆಚ್ಚುಗೆ ಮಾತುಗಳಲ್ಲಿ ಎರಡು ಥರ ಇದೆ. ಒಂದು, ಎಂಥಾ ಹುಚ್ಚು ಕಾಮಿಡಿ, ಈಗಿನವರಿಗೆ ಇಂಥದ್ದು ಮಾಡೋಕೆ ಬರಲ್ಲ. ಇನ್ನೊಂದು, ಭ್ರಷ್ಟಾಚಾರದ ಮೇಲೆ ಎಂಥಾ ವಿಡಂಬನೆ, ಇವತ್ತಿಗೂ ಎಷ್ಟು ಪ್ರಸ್ತುತ. ಎರಡೂ ನಿಜಾನೇ. ಆದ್ರೆ ಎರಡರಲ್ಲೂ ಆ ಇಬ್ಬರು ಹುಡುಗರು ಇಲ್ಲ. ಅವರ ಹೊಟ್ಟೆಪಾಡು ಇಲ್ಲ.

ಇದು ನನಗೆ ಹೊಳೆದಿದ್ದು ಡೊಂಬಿವಿಲಿಯಲ್ಲಿ. ನಾವು ಕೆಲವರು ಕನ್ನಡದವರು ಸೇರ್ಕೊಂಡು ಒಬ್ಬರ ಮನೆ ಹಾಲಲ್ಲಿ ಪ್ರೊಜೆಕ್ಟರ್ ಹಾಕಿ ಹಳೇ ಸಿನಿಮಾ ನೋಡ್ತೀವಿ, ಕನ್ನಡ ಹಿಂದಿ ಮರಾಠಿ ಯಾವುದಾದ್ರೂ ಸರಿ. ಇದನ್ನ ಹಾಕಿದ ದಿನ ಕುಂದಾಪುರದ ಕಡೆಯ ಹಿರಿಯರೊಬ್ಬರು ಬಂದಿದ್ರು, ಎಂಬತ್ತರ ದಶಕದಲ್ಲಿ ಫೋರ್ಟಲ್ಲಿ ಸಣ್ಣ ಕ್ಯಾಂಟೀನ್ ಇಟ್ಟಿದ್ದವರು, ಊರಿಂದ ಬಂದು ಹಗಲು ಹೋಟೆಲ್ಲಲ್ಲಿ ಟೇಬಲ್ ಒರೆಸಿ ರಾತ್ರಿ ಕನ್ನಡ ನೈಟ್ ಸ್ಕೂಲಲ್ಲಿ ಓದಿ, ಸಾಲ ಸೋಲ ಮಾಡಿ ಪಗಡಿ (ಬಾಡಿಗೆ ಹಕ್ಕಿಗೆ ಮೊದಲೇ ಕೊಡೋ ದುಡ್ಡು) ಕೊಟ್ಟು ಒಂದು ಗಾಲಾ, ಅಂದ್ರೆ ಸಣ್ಣ ಅಂಗಡಿ ಜಾಗ, ಹಿಡಿದವರು. ಸಿನಿಮಾ ಶುರು ಆಯ್ತು. ಹಾಜಿ ಅಲಿ ಹತ್ತಿರ ಇಬ್ಬರು ಹುಡುಗರು ಬ್ಯೂಟಿ ಫೋಟೋ ಸ್ಟುಡಿಯೋ ಅಂತ ಅಂಗಡಿ ತೆಗೀತಾರೆ, ಉದ್ಘಾಟನೆ ದಿನ ಗಿರಾಕಿಗಳೇ ಬರಲ್ಲ, ಹಲ್ಲು ಬಿಟ್ಕೊಂಡು ಬಾಗಿಲಲ್ಲೇ ಕಾಯ್ತಾರೆ. ನಾವೆಲ್ಲ ನಗ್ತಾ ಇದ್ದೀವಿ. ಅವರೊಬ್ಬರು ನಗ್ತಾ ಇಲ್ಲ. ಮುಂದಕ್ಕೆ ಬಗ್ಗಿ ಕೂತು, ನನ್ನ ಕಡೆ ತಿರುಗಿ ಕೇಳಿದ್ರು, "ಇವ್ರ್ ಬಾಡಿಗಿ ಹ್ಯಾಂಗ್ ಕೊಡ್ತ್ರ್ ಮಾರಾಯಾ?"

ನಾನು ಅಷ್ಟು ಸಲ ನೋಡಿದ್ದೀನಿ, ಈ ಪ್ರಶ್ನೆ ನನಗೆ ಬಂದೇ ಇರಲಿಲ್ಲ. ಬಾಂಬೆಯಲ್ಲಿ ಅಂಗಡಿ ಇಟ್ಟು ಬೋಣಿ ಆಗದೆ ಸಂಜೆ ಶಟರ್ ಎಳೆದವರಿಗೆ ಮಾತ್ರ ಬರೋ ಪ್ರಶ್ನೆ ಅದು. ಅಲ್ಲಿಂದ ಮುಂದೆ ನಾನು ಸಿನಿಮಾನ ಅವರ ಪಕ್ಕ ಕೂತು ಅವರ ಕಣ್ಣಲ್ಲೇ ನೋಡಿದೆ, ನೋಡ್ತಾ ಹೋದ ಹಾಗೆ ಎಲ್ಲ ಜೋಡಣೆ ಬದಲಾಯ್ತು. ವಿನೋದ್ ಸುಧೀರ್ ಭ್ರಷ್ಟಾಚಾರ ವಿರೋಧಿ ಹೋರಾಟಗಾರರಲ್ಲ. ಅವರು ಗಿರಾಕಿ ಹುಡುಕ್ತಾ ಇರೋ ಅಂಗಡಿಯವರು. ಖಬರ್‌ದಾರ್ ಪತ್ರಿಕೆಯ ಸಂಪಾದಕಿ ಶೋಭಾ ಸೇನ್ ಕೆಲಸ ಕೊಟ್ಟಳು ಅಂತ ಬಿಲ್ಡರ್ ತರ್ನೇಜಾ ಹಿಂದೆ ಫೋಟೋ ತೆಗೆಯೋಕೆ ಹೋಗ್ತಾರೆ. ಕೊಲೆ ಅವರ ಕ್ಯಾಮೆರಾಕ್ಕೆ ಸಿಗೋದು ಯಾವಾಗ? ಐದು ಸಾವಿರ ರೂಪಾಯಿ ಬಹುಮಾನದ ಫೋಟೋ ಸ್ಪರ್ಧೆಗೆ ಅಂತ ಊರೆಲ್ಲ ಅಲೆದು ಚಿತ್ರ ತೆಗೀವಾಗ. ಡಾರ್ಕ್‌ರೂಮಲ್ಲಿ ಒಂದು ಪ್ರಿಂಟನ್ನ ದೊಡ್ಡದು ಮಾಡ್ತಾ ಮಾಡ್ತಾ ಮೂಲೆಯಲ್ಲಿ ಒಬ್ಬ ಪಿಸ್ತೂಲು ಹಿಡಿದು ನಿಂತಿರೋದು ಕಾಣುತ್ತೆ. ಸಿನಿಮಾ ಪಂಡಿತರು ಇಲ್ಲಿ ಇಟಲಿಯ ನಿರ್ದೇಶಕ ಆಂಟೋನಿಯೋನಿ ಹೆಸರು ಹೇಳ್ತಾರೆ, ಅವರ ಬ್ಲೋ ಅಪ್ ಸಿನಿಮಾದಲ್ಲೂ ಹೀಗೇ ಫೋಟೋ ದೊಡ್ಡದು ಮಾಡಿದಾಗ ಕೊಲೆ ಕಾಣೋದು, ಈ ಸಿನಿಮಾದೊಳಗೆ ಪಾರ್ಕಿಗೆ ಅದೇ ಹೆಸರಿಟ್ಟಿರೋದ್ರಿಂದ ಅದು ಸರಿಯೇ. ಆದ್ರೆ ಪಂಡಿತರು ಅಲ್ಲಿಗೆ ನಿಲ್ಲಿಸಿಬಿಡ್ತಾರೆ. ಆ ಫೋಟೋ ತೆಗೆಯೋಕೆ ಅವರು ಯಾಕೆ ಹೋಗಿದ್ರು ಅನ್ನೋದು ಅಷ್ಟೇ ಮುಖ್ಯ ಅಲ್ವಾ. ಸತ್ಯ ಹುಡುಕ್ಕೊಂಡು ಹೋದವರಲ್ಲ, ಬಾಡಿಗೆ ಹುಡುಕ್ಕೊಂಡು ಹೋದವರಿಗೆ ದಾರಿಯಲ್ಲಿ ಸತ್ಯ ಸಿಕ್ಕಿತು. ಸಿಕ್ಕ ಮೇಲೆ ಅದನ್ನ ಬಿಟ್ಟು ಓಡಿಹೋಗಲಿಲ್ಲ, ಅದು ಅವರ ದೊಡ್ಡತನ.

ಇನ್ನು ಶೋಭಾ. ನನಗೆ ಇಡೀ ಸಿನಿಮಾದಲ್ಲಿ ಅತಿ ಹೆಚ್ಚು ಭಯ ಹುಟ್ಟಿಸೋ ಪಾತ್ರ ಅವಳದ್ದು, ವಿಮರ್ಶೆಗಳಲ್ಲಿ ಅತಿ ಕಮ್ಮಿ ಮಾತು ಸಿಗೋದೂ ಅವಳಿಗೇ. ತರ್ನೇಜಾ, ಅವನ ಎದುರಾಳಿ ಬಿಲ್ಡರ್ ಅಹುಜಾ ಕೆಟ್ಟವರು ಅಂತ ಮೊದಲ ಸೀನಲ್ಲೇ ಗೊತ್ತಾಗುತ್ತೆ, ಅವರಿಂದ ಯಾರಿಗೂ ಮೋಸ ಆಗಲ್ಲ. ಶೋಭಾ ಹಾಗಲ್ಲ. ಅವಳು ದೇಶ, ಕರ್ತವ್ಯ, ಪತ್ರಿಕೋದ್ಯಮ ಅಂತೆಲ್ಲ ಮಾತಾಡ್ತಾಳೆ, ಹುಡುಗರ ಹತ್ರ ಪ್ರೀತಿಯಿಂದ ಇರ್ತಾಳೆ, ಅವರು ಪ್ರಾಣ ಒತ್ತೆ ಇಟ್ಟು ತಂದ ಫೋಟೋ ಇಟ್ಕೊಂಡು ತರ್ನೇಜಾನ ಹತ್ತಿರ ವ್ಯಾಪಾರಕ್ಕೆ ಕೂರ್ತಾಳೆ. ಭಕ್ತಿ ಬರ್ವೆ ಅದನ್ನ ಎಷ್ಟು ಸಣ್ಣ ದನಿಯಲ್ಲಿ ಮಾಡಿದ್ದಾರೆ ನೋಡಿ, ಎಲ್ಲೂ ಮುಖ ಕಿವುಚಲ್ಲ, ಖಳನಾಯಕಿ ನಗು ಇಲ್ಲ. ಪು.ಲ. ದೇಶಪಾಂಡೆ ಅವರ ತೀ ಫುಲರಾಣಿ ನಾಟಕದಲ್ಲಿ ಅವರನ್ನ ಕಂಡವರು ಮುಂಬೈ ಪುಣೆಯಲ್ಲಿ ಇವತ್ತಿಗೂ ಆ ಮಾತಾಡ್ತಾರೆ, ನಮ್ಮ ಮಾಟುಂಗಾ ದಾದರ್ ಕಡೆಯ ಕನ್ನಡದ ಮನೆಗಳಲ್ಲೂ ಮರಾಠಿ ನಾಟಕದ ಹುಚ್ಚಿದ್ದ ಹೆಂಗಸರಿದ್ರು, ಅವರಿಗೆಲ್ಲ ಅವರು ಮನೆಯವರ ಹಾಗೆ. 2001ರಲ್ಲಿ ಎಕ್ಸ್‌ಪ್ರೆಸ್‌ವೇ ಅಪಘಾತದಲ್ಲಿ ಹೋಗಿಬಿಟ್ರು. ಈ ಸಿನಿಮಾ ಬಗ್ಗೆ ಬರೆಯೋವಾಗೆಲ್ಲ ಅವರ ಹೆಸರು ಮೂರನೇ ನಾಲ್ಕನೇ ಸಾಲಿಗೆ ಹೋಗೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಪ್ರಸ್ತುತ ಅನ್ನೋ ಮಾತಿಗೆ ಬರ್ತೀನಿ. 2018ರ ಜುಲೈಲಿ ಅಂಧೇರಿಯ ಗೋಖಲೆ ಸೇತುವೆ ಒಂದು ಭಾಗ ಹಳಿ ಮೇಲೆ ಬಿತ್ತು, 2019ರ ಮಾರ್ಚ್ 14ರ ಸಂಜೆ ಸಿಎಸ್‌ಎಂಟಿ ಸ್ಟೇಷನ್ ಪಕ್ಕದ ಪಾದಚಾರಿ ಸೇತುವೆ ಬಿತ್ತು, ಆಫೀಸು ಮುಗಿಸಿ ಮನೆಗೆ ಹೊರಟವರು ಸತ್ರು. ಆ ಎರಡೂ ಸಲ ಜನ ಈ ಸಿನಿಮಾನ ನೆನಪು ಮಾಡ್ಕೊಂಡ್ರು, ಕುಂದನ್ ಶಾ ಅವತ್ತೇ ಭವಿಷ್ಯ ನುಡಿದಿದ್ರು ಅಂತ ಬರೆದ್ರು. ನಾನು ಈ ಮಾತು ಒಪ್ಪಲ್ಲ. ಭವಿಷ್ಯ ಅಂದ್ಬಿಟ್ರೆ 1983ನ ತಪ್ಪಿಸಿಬಿಟ್ಟ ಹಾಗಾಗುತ್ತೆ. ಅದು ಅವತ್ತಿನ ಸುದ್ದಿ. ಸಿಮೆಂಟು ಸರ್ಕಾರದ ಕಂಟ್ರೋಲಲ್ಲಿದ್ದ ಕಾಲ, ಮನೆ ರಿಪೇರಿಗೆ ಎರಡು ಚೀಲ ಬೇಕಂದ್ರೂ ಪರ್ಮಿಟ್ಟಿಗೆ ಅಲೀಬೇಕಿತ್ತು. ಅದೇ ಸಿಮೆಂಟ್ ಹಂಚಿಕೆ, ಟ್ರಸ್ಟಿಗೆ ಬಿಲ್ಡರುಗಳ ದೇಣಿಗೆ, ಇದರ ಕೇಸಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಬಂದು 1982ರ ಜನವರಿಯಲ್ಲಿ ಮುಖ್ಯಮಂತ್ರಿ ಎ.ಆರ್. ಅಂತುಳೆ ರಾಜೀನಾಮೆ ಕೊಟ್ರು. ಅದೇ ತಿಂಗಳು 18ಕ್ಕೆ ಗಿರಣಿ ಮುಷ್ಕರ ಶುರು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ. ಗಿರಣಿ ಗೇಟಿನ ಎದುರು ಚಾ ಮಾರ್ತಿದ್ದ, ಖಾನಾವಳಿ ಇಟ್ಟಿದ್ದ ನಮ್ಮವರ ಗಲ್ಲಾಪೆಟ್ಟಿಗೆಯೂ ಅದರ ಜೊತೇಲೇ ಖಾಲಿಯಾಯ್ತು. ಮುಂದೆ ಆ ಗಿರಣಿ ಜಾಗಗಳು ಯಾರ ಕೈಗೆ ಹೋದವು, ಅಲ್ಲಿ ಈಗ ಏನು ಎದ್ದಿದೆ ಅಂತ ಪರೇಲ್ ಕಡೆ ಹೋದವರಿಗೆಲ್ಲ ಗೊತ್ತು. ಇಂಥಾ ಊರಲ್ಲಿ ನಿಂತು ಕುಂದನ್ ಶಾ ಇಬ್ಬರು ಬಿಲ್ಡರು, ಒಬ್ಬ ಮುನಿಸಿಪಲ್ ಕಮಿಷನರು, ಮರಳು ಸಿಮೆಂಟಿನ ಲೆಕ್ಕ ತಪ್ಪಿದ ಒಂದು ಫ್ಲೈಓವರು ಇಟ್ಕೊಂಡು ಸಿನಿಮಾ ಮಾಡಿದ್ರು. ಜ್ಯೋತಿಷ್ಯ ಹೇಳಿದ್ದಲ್ಲ, ಕಣ್ಣೆದುರು ಇದ್ದಿದ್ದನ್ನ ಹೇಳಿದ್ದು. ಆಗ ಅದನ್ನ ಸುದ್ದಿ ಅಂತ ಯಾರೂ ತಗೊಳ್ಳಲಿಲ್ಲ, ಕಾಮಿಡಿ ಅಂದ್ರು.

ಕಮಿಷನರ್ ಡಿಮೆಲ್ಲೋ ಬದುಕಿದ್ದಾಗಿನ ಸೀನುಗಳನ್ನ ಯಾರೂ ಫಾರ್ವರ್ಡ್ ಮಾಡಲ್ಲ. ಅಮೆರಿಕಾದಿಂದ ಬಂದವನು, ಅಲ್ಲಿನ ಗಟಾರದ ಗುಣಗಾನ ಮಾಡೋದು, ಸ್ವಲ್ಪ ತಿಂದು ಸ್ವಲ್ಪ ಬಿಸಾಕೋದೇ ದೊಡ್ಡಸ್ತಿಕೆ ಅಂತ ಕೇಕು ತಿನ್ನೋದು. ಸತೀಶ್ ಶಾ ಆ ಕೇಕನ್ನ ತಿನ್ನೋ ರೀತಿ, ಆ ಸಂತೃಪ್ತಿ, ಬಾಯಿ ತುಂಬಿರುವಾಗ್ಲೂ ಮಾತು ನಿಲ್ಲದೇ ಇರೋದು, ಒಂದು ಇಡೀ ಆಡಳಿತ ಅಲ್ಲಿ ಕೂತು ತಿಂತಾ ಇರೋ ಹಾಗೆ ಕಾಣುತ್ತೆ. ಆಮೇಲೆ ಅವನು ಸಾಯ್ತಾನೆ, ಹುಡುಗರ ಫೋಟೋದಲ್ಲಿ ಸಿಕ್ಕಿದ್ದು ಅವನ ಕೊಲೆಯೇ, ಶೋಕಸಭೆಯಲ್ಲಿ ಗಟಾರಕ್ಕಾಗಿ ಬದುಕಿದ ಗಟಾರಕ್ಕಾಗಿ ಸತ್ತ ಅಂತ ಹೊಗಳ್ತಾರೆ, ಅವನ ಹೆಸರಲ್ಲೇ ಸೇತುವೆ ಉದ್ಘಾಟನೆ ಆಗುತ್ತೆ, ಆ ಸೇತುವೆ ಜಾಗದಲ್ಲೇ ಅವನ ಹೆಣ ಹೂತಿಟ್ಟಿರ್ತಾರೆ.

ಈಗ ಆ ಮಹಾಭಾರತದ ದೃಶ್ಯ. ಎರಡನೇ ಅರ್ಧ ಹಳಿ ತಪ್ಪುತ್ತೆ, ಓಟ, ಬುರ್ಖಾ, ಗಲಾಟೆ, ಅತಿಯಾಯ್ತು ಅನ್ನೋ ದೂರು ನಾನು ತುಂಬಾ ಕೇಳಿದ್ದೀನಿ, ನಮ್ಮ ಡೊಂಬಿವಿಲಿ ಹಾಲಲ್ಲೂ ಒಬ್ಬರು ಅದನ್ನೇ ಹೇಳಿದ್ರು. ಕೆಲವು ಕಡೆ ಉದ್ದ ಆಗಿದೆ, ಒಪ್ತೀನಿ. ಕುಡಿದ ಅಹುಜಾ ಶವಪೆಟ್ಟಿಗೆನ ಕೆಟ್ಟು ನಿಂತ ಕಾರು ಅಂದ್ಕೊಂಡು ಅದರ ಜೊತೆ ಮಾತಾಡೋದನ್ನ ಮಾತ್ರ ಒಂದು ಸೆಕೆಂಡೂ ಕತ್ತರಿಸೋಕೆ ನಾನು ಬಿಡಲ್ಲ, ಓಂ ಪುರಿ ಅಲ್ಲಿ ಮಾಡಿರೋದು ಮತ್ತೆ ಯಾರಿಂದಲೂ ಆಗಿಲ್ಲ. ಆದ್ರೆ ಹೆಣಕ್ಕಾಗಿ ಓಡ್ತಾ ಎಲ್ಲರೂ ಮಹಾಭಾರತ ನಾಟಕದ ರಂಗಕ್ಕೆ ನುಗ್ಗೋ ಆ ದೃಶ್ಯ ಹಳಿ ತಪ್ಪಿದ್ದು ಅಂತ ಅನ್ನಿಸೋದು, ರಾತ್ರಿಯಿಡೀ ಕೂತು ಆಟ ನೋಡಿದ ಅಭ್ಯಾಸ ಇಲ್ಲದವರಿಗೆ ಅಂತ ನನ್ನ ಗಟ್ಟಿ ನಂಬಿಕೆ. ನಮ್ಮಲ್ಲಿ ಮಳೆಗಾಲ ಬಂತಂದ್ರೆ ಊರಿನ ಮೇಳದವರು ಮುಂಬೈಗೆ ಬರ್ತಾರೆ, ಹೋಟೆಲ್ ಹುಡುಗರು ದಣಿಗಳು ಎಲ್ಲ ಒಂದೇ ಹಾಲಲ್ಲಿ ಕೂತು ಯಕ್ಷಗಾನ ನೋಡ್ತಾರೆ. ಅಲ್ಲಿ ಹಾಸ್ಯಗಾರ ರಾಜನ ಒಡ್ಡೋಲಗಕ್ಕೆ ನುಗ್ಗಿ ಅವತ್ತಿನ ಪೇಪರ್ ಸುದ್ದಿ ಹೇಳಬಹುದು, ರಾಜನಿಗೇ ತಿರುಗಿ ಮಾತು ಕೊಡಬಹುದು, ಕಥೆ ಅಷ್ಟೊತ್ತು ಕಾಯುತ್ತೆ, ಅದರಿಂದ ಮಹಾಭಾರತಕ್ಕೆ ಯಾವ ಅಪಮಾನವೂ ಆಗಲ್ಲ. ಕಪ್ಪು ಕನ್ನಡಕ ಹಾಕ್ಕೊಂಡ ಭೀಮ ರಂಗಕ್ಕೆ ಬಂದಾಗ ನಮ್ಮ ಕ್ಯಾಂಟೀನ್ ಹಿರಿಯರಿಗೆ ಆಶ್ಚರ್ಯವೇ ಆಗಲಿಲ್ಲ, ಆಗ ಮಾತ್ರ ಮನಸಾರೆ ನಕ್ಕರು.

ಆದ್ರೆ ಆ ನಗುವಿನ ಕೆಳಗೆ ಇನ್ನೊಂದಿದೆ. ದ್ಯೂತದ ಸಭೆ ಕಥೆ ಕೇಳಿ ಬೆಳೆದವರಿಗೆಲ್ಲ ಗೊತ್ತು, ದ್ರೌಪದಿ ಅಲ್ಲಿ ಬರೀ ಅಳಲ್ಲ, ಪ್ರಶ್ನೆ ಕೇಳ್ತಾಳೆ. ತನ್ನನ್ನೇ ಮೊದಲು ಸೋತವನಿಗೆ ನನ್ನನ್ನ ಪಣಕ್ಕಿಡೋ ಹಕ್ಕು ಎಲ್ಲಿಂದ ಬಂತು ಅಂತ. ಭೀಷ್ಮರಂಥವರೇ ಉತ್ತರ ಕೊಡೋಕಾಗದೆ ತಡವರಿಸ್ತಾರೆ. ಕುಂದನ್ ಶಾ ಆ ಜಾಗದಲ್ಲಿ ಒಂದು ಹೆಣ ತಂದು ನಿಲ್ಲಿಸಿದ್ರು. ಅದು ಪ್ರಶ್ನೆ ಕೇಳಲ್ಲ. ಆದ್ರೆ ಕೊಲೆಗೆ ಉಳಿದ ಸಾಕ್ಷಿ ಅದೇ, ಅದಕ್ಕೇ ಎಲ್ಲರಿಗೂ ಅದು ಬೇಕು, ಬಿಲ್ಡರಿಗೆ ಮುಚ್ಚೋಕೆ, ಸಂಪಾದಕಿಗೆ ಮಾರೋಕೆ, ಇಬ್ಬರು ಹುಡುಗರಿಗೆ ಮಾತ್ರ ತೋರಿಸೋಕೆ. ಅದೂ ಯಾರ ಹೆಣ? ಒಳ್ಳೆಯವನದ್ದಲ್ಲ, ತಿಂದು ತೇಗಿದ ಒಬ್ಬ ಅಧಿಕಾರಿಯದ್ದು. ಈ ಊರಲ್ಲಿ ಸತ್ಯಕ್ಕೆ ಉಳಿದ ಆಧಾರ ಒಬ್ಬ ಲಂಚಕೋರನ ದೇಹ. ಸೀರೆ ಎಳೆಯೋ ಸೀನಿಗೆ ಹೊಟ್ಟೆ ಹಿಡ್ಕೊಂಡು ನಗೋವಾಗ ಇದು ತಲೆಗೆ ಹೋಗಲ್ಲ, ಹೋಗಬೇಕಾಗೂ ಇಲ್ಲ, ಆದ್ರೆ ಮನೆಗೆ ಹೋಗಿ ಮಲಗಿದ ಮೇಲಾದ್ರೂ ಹೋಗ್ಬೇಕು.

ಇದರಲ್ಲಿ ನಮ್ಮ ಕಡೆಯ ಎಳೆಯೂ ಇದೆ. ನಸೀರ್, ಓಂ ಪುರಿ, ಪಂಕಜ್ ಕಪೂರ್, ಸತೀಶ್ ಕೌಶಿಕ್ ಎಲ್ಲ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯವರು. ಆ ಶಾಲೆಗೆ 1977ರಲ್ಲಿ ನಿರ್ದೇಶಕರಾಗಿ ಹೋದವರು ಬಿ.ವಿ. ಕಾರಂತರು, ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದವರು, ಮ್ಯಾಕ್‌ಬೆತ್‌ಗೆ ಯಕ್ಷಗಾನದ ಹೆಜ್ಜೆ ಹಾಕಿಸಿದವರು. ಕುಂದನ್ ಶಾ ಪುಣೆಯಲ್ಲಿ ಓದೋವಾಗ ಅಲ್ಲಿ ಗಿರೀಶ್ ಕಾರ್ನಾಡ್ ಡೈರೆಕ್ಟರ್ ಆಗಿದ್ರು. ನಸೀರ್ ಆಗ ಅಲ್ಲಿ ವಿದ್ಯಾರ್ಥಿ, ಕಾರ್ನಾಡರ ಎದುರು ಮುಷ್ಕರ ಹೂಡಿದವರಲ್ಲಿ ಒಬ್ಬರು, ಅದೇ ಕಾರ್ನಾಡರೇ ಆಮೇಲೆ ಶ್ಯಾಮ್ ಬೆನೆಗಲ್ ಹತ್ತಿರ ನಸೀರ್ ಹೆಸರು ಹೇಳಿದ್ದು. ಇದರಿಂದಲೇ ಆ ದೃಶ್ಯ ಹುಟ್ಟಿತು ಅಂತ ನಾನು ಹೇಳ್ತಿಲ್ಲ. ಆದ್ರೆ ಕಂಪನಿ ನಾಟಕದ ಪರದೆ, ಪುರಾಣ, ತಮಾಷೆ ಇವನ್ನೆಲ್ಲ ಕೀಳು ಅಂತ ನೋಡದೇ ಇದ್ದ ಒಂದು ಗಾಳಿ ಆಗ ಬೀಸ್ತಿತ್ತು, ಅದರಲ್ಲಿ ನಮ್ಮವರ ಉಸಿರೂ ಇತ್ತು. ಮುಂದೆ 1988ರಲ್ಲಿ ಮೈಸೂರಿನ ಕಾರ್ಟೂನಿಸ್ಟ್ ಆರ್.ಕೆ. ಲಕ್ಷ್ಮಣ್ ಅವರ ವಾಗ್ಳೆ ಅನ್ನೋ ಪಾತ್ರವನ್ನ ಟೀವಿಗೆ ತಂದವರೂ ಇದೇ ಕುಂದನ್ ಶಾ.

ಅವರು ಸುಮ್ಮನೆ ಕೂತವರೂ ಅಲ್ಲ. 2015ರಲ್ಲಿ ಪುಣೆ ಇನ್ಸ್ಟಿಟ್ಯೂಟಿನ ಹುಡುಗರು ತಿಂಗಳುಗಟ್ಟಲೆ ಮುಷ್ಕರ ಮಾಡಿದಾಗ, ಈ ಸಿನಿಮಾಕ್ಕೆ ಬಂದಿದ್ದ ರಾಷ್ಟ್ರಪ್ರಶಸ್ತಿಯನ್ನೇ ವಾಪಸ್ ಮಾಡಿದ್ರು. ಸರಿಯೋ ತಪ್ಪೋ ಅಂತ ಆಗ ನಮ್ಮಲ್ಲೂ ಜಗಳ ಆಗಿತ್ತು. ನನಗೆ ಅದು ಸಿನಿಮಾದಷ್ಟೇ ನೇರ ಅನ್ನಿಸ್ತು. 2017ರ ಅಕ್ಟೋಬರಲ್ಲಿ ಅವರು ತೀರಿಕೊಂಡಾಗ ಬಂದ ಬರಹಗಳಲ್ಲೂ ನಗು ನಗು ನಗು ಅಂತಲೇ ತುಂಬಿತ್ತು.

ಕೊನೇ ದೃಶ್ಯದ ಬಗ್ಗೆ ಹೇಳಲೇಬೇಕು, ಕಲ್ಟ್ ಅನ್ನೋ ಪ್ರೀತಿ ಮುಚ್ಚಿಡೋದು ಅದನ್ನೇ. ರಂಗದ ಗಲಾಟೆ ಮುಗಿದ ಮೇಲೆ ಎಲ್ಲರೂ ಒಂದಾಗ್ತಾರೆ, ಬಿಲ್ಡರುಗಳು, ಹೊಸ ಸಾಹೇಬರು, ಸಂಪಾದಕಿ. ಸೇತುವೆ ಕುಸಿದಿದ್ದಕ್ಕೆ ಫೋಟೋ ತೆಗೆದ ಇಬ್ಬರು ಹುಡುಗರೇ ಕಾರಣ ಅಂತಾಗುತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕೈದಿ ಬಟ್ಟೆ ಹಾಕ್ಕೊಂಡು ಬಾಂಬೆ ರಸ್ತೆಯಲ್ಲಿ ನಡೀತಾ ಬರ್ತಾರೆ, ಹಿಂದೆ ಹಮ್ ಹೋಂಗೇ ಕಾಮ್ಯಾಬ್ ಹಾಡು, ನಮ್ಮ ಮಕ್ಕಳು ಶಾಲೆ ಪ್ರಾರ್ಥನೆಯಲ್ಲಿ ಹಾಡೋ ಅದೇ ಹಾಡು. ಕ್ಯಾಮೆರಾ ಕಡೆ ನೋಡಿ ಕುತ್ತಿಗೆ ಕುಯ್ದ ಹಾಗೆ ಕೈ ಆಡಿಸ್ತಾರೆ, ಅಷ್ಟೇ, ಸಿನಿಮಾ ಮುಗೀತು. ಯಾರಿಗೂ ಶಿಕ್ಷೆ ಇಲ್ಲ, ಕೋರ್ಟಲ್ಲಿ ಭಾಷಣ ಇಲ್ಲ, ಒಬ್ಬ ಒಳ್ಳೇ ಪೊಲೀಸ್ ಆಫೀಸರ್ ಕೂಡ ಇಲ್ಲ. ಎಂಬತ್ತಮೂರರಲ್ಲಿ ಜನ ಯಾಕೆ ಥಿಯೇಟರಿಗೆ ಬರಲಿಲ್ಲ ಅಂತ ಕೇಳೋವಾಗ ನಾನು ಪ್ರಚಾರಕ್ಕೆ ದುಡ್ಡಿರಲಿಲ್ಲ ಅನ್ನೋದನ್ನ ಒಪ್ತೀನಿ, ಆದ್ರೆ ಈ ಮುಗಿತಾಯವನ್ನೂ ಲೆಕ್ಕಕ್ಕೆ ತಗೋತೀನಿ. ಎರಡು ಗಂಟೆ ನಗಿಸಿ ಕೊನೆಗೆ ಹೀಗೆ ಮನೆಗೆ ಕಳಿಸಿದ್ರೆ, ಪಕ್ಕದ ಮನೆಯವರಿಗೆ ಹೋಗಿ ನೋಡಿ ಅಂತ ಯಾರು ಹೇಳ್ತಾರೆ.

ಡೊಂಬಿವಿಲಿಯಲ್ಲಿ ಹಾಡು ಮುಗಿದಾಗ ಅರ್ಧ ಜನ ಎದ್ದು ಅಡುಗೆಮನೆ ಕಡೆ ಹೋಗಿದ್ರು, ಮಹಾಭಾರತ ಆಯ್ತಲ್ಲ ಇನ್ನೇನು ಅಂತ. ಉಳಿದವರಲ್ಲಿ ಕನ್‌ಸ್ಟ್ರಕ್ಷನ್ ಸೈಟಲ್ಲಿ ಕೆಲಸ ಮಾಡೋ ಸಿವಿಲ್ ಇಂಜಿನಿಯರ್ ಹುಡುಗಿಯೊಬ್ಬಳು, ಧಾರವಾಡದವಳು, ಮೊದಲ ಸಲ ನೋಡಿದ್ದು. ಇವರ ಮೇಲೆ ಕೇಸ್ ಹಾಕೋಕೆ ಸೈನ್ ಮಾಡಿದವರು ಯಾರು, ಸೇತುವೆಯ ಕಾಂಕ್ರೀಟಿನ ಗಟ್ಟಿತನ ನೋಡೋ ಕ್ಯೂಬ್ ಟೆಸ್ಟ್ ರಿಪೋರ್ಟ್ ಎಲ್ಲಿ ಹೋಯ್ತು, ಅಂತ ನಿಜವಾದ ಕೇಸಿನ ಹಾಗೆ ಕೇಳೋಕೆ ಶುರು ಮಾಡಿದಳು. ಕ್ಯಾಂಟೀನಿನ ಹಿರಿಯರು ಅವಳ ಜೊತೆ ಕೂತ್ಕೊಂಡು ತಮ್ಮ ಬಿಲ್ಡಿಂಗಿಗೆ ಬಿಲ್ಡರ್ ಬಂದಾಗ ಯಾವ ಕಾಗದಕ್ಕೆ ಯಾರು ಸೈನ್ ಹಾಕಿಸಿಕೊಂಡಿದ್ರು ಅಂತ ಒಂದೊಂದೇ ಹೇಳ್ತಾ ಹೋದ್ರು, ಊಟ ತಣ್ಣಗಾಯ್ತು. ಮುಂದಿನ ಸಲ ಇದನ್ನ ತೋರಿಸೋವಾಗ ಊಟ ಮೊದಲೇ ಮುಗಿಸಿ, ಕೊನೇ ಹತ್ತು ನಿಮಿಷ ಯಾರೂ ಏಳಬಾರದು ಅಂತ ಮೊದಲೇ ಹೇಳಿ ಹಾಕೋದು ಅಂತ ತೀರ್ಮಾನ ಆಗಿದೆ.